ಬಿಸಿಲಿನ ದಿನಗಳಲ್ಲಿ ಕೋಳಿ ಸಾಕಣೆ: ಹಕ್ಕಿಗೆ ಹಿತವಾದ ಶಾಖ ಎಷ್ಟು?

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಅಡುಗೆಯ ಮಟ್ಟಿಗೆ ಅದು ಸರಿ ಇರಬಹುದು. ಆದರೆ ಸಾಕಣೆಯ ಮಟ್ಟಿಗೆ, ಅದರಲ್ಲೂ ಬಿಸಿ ಮತ್ತು ಚಳಿಯ ವಿಷಯದಲ್ಲಿ, ಕೋಳಿಯನ್ನು ಕೇಳಿಯೇ ಮುಂದಿನ ಕೆಲಸ ಮಾಡಬೇಕು. ಅದಕ್ಕೆ ಬಾಯಿಲ್ಲದಿದ್ದರೂ ನಿಲ್ಲುವ ರೀತಿ, ಉಸಿರಾಡುವ ರೀತಿ, ರೆಕ್ಕೆ ಇಟ್ಟುಕೊಳ್ಳುವ ರೀತಿಯಿಂದಲೇ ತನ್ನ ಕಷ್ಟವನ್ನು ಹೇಳುತ್ತದೆ. ಅದನ್ನು ಗುರುತಿಸಬಲ್ಲ ರೈತನು ಬೇಸಿಗೆಯಲ್ಲಿ ಕೋಳಿಗಳನ್ನು ಕಳೆದುಕೊಳ್ಳುವುದು ಅಪರೂಪ.

ರಾಯಚೂರು, ಕಲಬುರಗಿ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ಸೆಂಟಿಗ್ರೇಡ್ ದಾಟುವುದು ಸಾಮಾನ್ಯ. ಬೆಳಿಗ್ಗೆ ಚೆನ್ನಾಗಿ ಕಾಳು ತಿಂದು ಓಡಾಡಿದ ಕೋಳಿಗಳು ಮಧ್ಯಾಹ್ನ 3 ಗಂಟೆಯ ಹೊತ್ತಿಗೆ ಕಾಲು ಚಾಚಿ ಬಿದ್ದಿರುವುದು ಈ ದಿನಗಳಲ್ಲಿಯೇ. ಹತ್ತು ಹನ್ನೆರಡು ಕೋಳಿ ಸಾಕಿದ ಮನೆಯಲ್ಲಿ ಒಂದೇ ಮಧ್ಯಾಹ್ನ ಐದಾರು ಹೋದರೆ ಆ ನಷ್ಟ ಸಣ್ಣದಲ್ಲ. ಮೊಟ್ಟೆಯ ಹಣ ಬಹುತೇಕ ಮನೆಯಾಕೆಯ ಕೈಯಲ್ಲಿರುವ ಹಣ. ಉಪ್ಪು, ಎಣ್ಣೆ, ಮಕ್ಕಳ ನೋಟು ಪುಸ್ತಕ ಎಲ್ಲವೂ ಅದರಲ್ಲಿಯೇ ನಡೆಯುತ್ತವೆ. ಹೀಗೆ ಸಾಯುವ ಕೋಳಿಗಳಲ್ಲಿ ಹೆಚ್ಚಿನವನ್ನು ನೆರಳು, ಗಾಳಿ, ನೀರು ಈ ಮೂರರಿಂದಲೇ ಉಳಿಸಿಕೊಳ್ಳಬಹುದು.

ಕೋಳಿಗೆ ಬೆವರಿಲ್ಲ

ಮನುಷ್ಯನಿಗೆ ಸೆಕೆಯಾದರೆ ಮೈ ಬೆವರುತ್ತದೆ. ಬೆವರು ಆರುವಾಗ ಮೈ ತಂಪಾಗುತ್ತದೆ. ಹಕ್ಕಿಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಮೇಲಾಗಿ ಮೈಯೆಲ್ಲ ಪುಕ್ಕದ ಕಂಬಳಿ. ಬೆಳೆದ ಕೋಳಿಯ ಮೈಶಾಖ ಸಹಜವಾಗಿಯೇ ಸುಮಾರು 41ರಿಂದ 42 ಡಿಗ್ರಿ, ಅಂದರೆ ನಮ್ಮ ಮೈಶಾಖಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು. ಅಲ್ಲಿಂದ ಇನ್ನು ಮೂರು ನಾಲ್ಕು ಡಿಗ್ರಿ ಏರಿತೆಂದರೆ ಪ್ರಾಣಕ್ಕೆ ಅಪಾಯ.

ಹಾಗಾದರೆ ಕೋಳಿ ತನ್ನ ಮೈಯ ಬಿಸಿಯನ್ನು ಹೊರಹಾಕುವುದು ಹೇಗೆ? ಮೊದಲನೆಯದಾಗಿ ಜುಟ್ಟು, ಗಲ್ಲದ ಕೆಳಗಿನ ಜೋಲು ಚರ್ಮ ಮತ್ತು ಕಾಲುಗಳ ಮೂಲಕ. ಪುಕ್ಕವಿಲ್ಲದ ಈ ಜಾಗಗಳಿಗೆ ಹೆಚ್ಚು ರಕ್ತ ಹರಿದು ಶಾಖವು ಗಾಳಿಗೆ ಹೋಗುತ್ತದೆ. ಎರಡನೆಯದಾಗಿ, ರೆಕ್ಕೆಗಳನ್ನು ಮೈಯಿಂದ ದೂರ ಅಗಲಿಸಿ ಕಂಕುಳಿಗೆ ಗಾಳಿಯಾಡಿಸುತ್ತದೆ. ಮಣ್ಣು ಕೆದರಿ, ಕೆಳಗಿನ ತಂಪು ಮಣ್ಣಿಗೆ ಎದೆಯಾನಿಸಿ ಮಲಗುತ್ತದೆ. ಇಷ್ಟರಲ್ಲಿ ಸಾಲದಾದಾಗ ಕೊನೆಯ ಉಪಾಯವಾಗಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಗಂಟಲಿನ ತೇವ ಆರಿ ಮೈ ತಂಪಾಗುತ್ತದೆ. ಆದ್ದರಿಂದ ಏದುಸಿರು ಬಿಡುವ ಕೋಳಿಗೆ ನೀರೇ ಪ್ರಾಣ.

ಏದುಸಿರಿನಿಂದ ಇನ್ನೊಂದು ತೊಂದರೆಯೂ ಇದೆ. ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ, ಮೊಟ್ಟೆಯ ಚಿಪ್ಪು ಕಟ್ಟಲು ಬೇಕಾದ ಅಂಶಗಳು ರಕ್ತದಲ್ಲಿ ಕಡಿಮೆಯಾಗುತ್ತವೆ. ಬೇಸಿಗೆಯಲ್ಲಿ ಮೊಟ್ಟೆ ಸಣ್ಣದಾಗಿ, ಸಿಪ್ಪೆ ತೆಳುವಾಗಿ, ಬುಟ್ಟಿಯಲ್ಲಿಯೇ ಒಡೆಯಲು ಇದೂ ಒಂದು ಕಾರಣ.

ಯಾವ ಶಾಖ ಹಿತ, ಯಾವುದು ಅಪಾಯ?

ಬೆಳೆದ ಕೋಳಿಗೆ 18ರಿಂದ 24 ಡಿಗ್ರಿ ಸೆಂಟಿಗ್ರೇಡ್ ಅತ್ಯಂತ ಹಿತ. 30 ಡಿಗ್ರಿಯವರೆಗೆ ಹೆಚ್ಚಿನ ತೊಂದರೆಯಿಲ್ಲದೆ ಹೊಂದಿಕೊಳ್ಳುತ್ತದೆ. 32 ದಾಟಿದರೆ ಮೇವು ತಿನ್ನುವುದು ಕಡಿಮೆಯಾಗಿ ನೀರು ಕುಡಿಯುವುದು ಹೆಚ್ಚುತ್ತದೆ, ಮೊಟ್ಟೆ ಇಳಿಯುತ್ತದೆ. 35 ದಾಟಿದ ಮೇಲೆ ಏದುಸಿರು ಎಡೆಬಿಡದೆ ನಡೆಯುತ್ತದೆ. 38 ಮತ್ತು ಅದಕ್ಕೂ ಮೇಲೆ, ಗಾಳಿಯಾಡದ ಗೂಡಿನಲ್ಲಿ ಇದ್ದರೆ, ಸಾವು ಆರಂಭವಾಗುತ್ತದೆ.

ಎಲ್ಲ ಕೋಳಿಗಳ ತಾಳಿಕೆ ಒಂದೇ ಅಲ್ಲ. ಮೊದಲು ಬೀಳುವುದು ದಪ್ಪ ಮೈಯ ಕೋಳಿ. ಆರು ವಾರದ ಹತ್ತಿರದ ಬ್ರಾಯ್ಲರ್, ತೂಕ ಬಂದ ಗಿರಿರಾಜ ಇವು ಬಿಸಿಲಿಗೆ ಬೇಗ ಬಳಲುತ್ತವೆ. ಹಗುರ ಮೈಯ ನಾಟಿ ಕೋಳಿ ಹೆಚ್ಚು ತಾಳುತ್ತದೆ. ಕತ್ತಿನ ಮೇಲೆ ಪುಕ್ಕವಿಲ್ಲದ ಬೋಳು ಕತ್ತಿನ ಕೋಳಿಯನ್ನು ಕೆಲವರು ಅಂದವಿಲ್ಲವೆಂದು ದೂರವಿಡುತ್ತಾರೆ. ಆದರೆ ಅದರ ಮೈಮೇಲೆ ಒಟ್ಟಾರೆ ಪುಕ್ಕವೇ ಕಡಿಮೆಯಿದ್ದು ಬಿಸಿಯು ಸುಲಭವಾಗಿ ಹೊರಹೋಗುತ್ತದೆ. ಬಿಸಿಲು ನಾಡಿಗೆ ಅದು ತಕ್ಕ ತಳಿ.

ಉಷ್ಣಮಾಪಕ ಒಂದನ್ನೇ ನಂಬಿದರೂ ಸಾಲದು. ಗಾಳಿಯಲ್ಲಿನ ತೇವವೂ ಲೆಕ್ಕಕ್ಕೆ ಬರುತ್ತದೆ. ರಾಯಚೂರಿನ ಒಣ ಗಾಳಿಯಲ್ಲಿ ಗಂಟಲಿನ ತೇವ ಬೇಗ ಆರುವುದರಿಂದ ಏದುಸಿರು ಫಲ ಕೊಡುತ್ತದೆ. ಮಂಗಳೂರು, ಕಾರವಾರದ ಕಡೆ ಗಾಳಿಯೇ ತೇವದಿಂದ ತುಂಬಿರುವಾಗ ತೇವ ಆರುವುದು ನಿಧಾನ. ಆದ್ದರಿಂದ ಕರಾವಳಿಯ 34 ಡಿಗ್ರಿಯೂ ಕೋಳಿಗೆ ಬಯಲುಸೀಮೆಯ 38ರಷ್ಟೇ ಕಷ್ಟ ಕೊಡಬಹುದು.

ಕೋಳಿ ಹೇಳುವ ಮಾತು

ಮಧ್ಯಾಹ್ನ 12ರಿಂದ 4 ಗಂಟೆಯ ನಡುವೆ ಎರಡು ಸಲ ಗೂಡಿನ ಬಳಿ ಹೋಗಿ ಐದು ನಿಮಿಷ ನಿಂತು ನೋಡಬೇಕು. ಕೋಳಿಗಳು ನೆರಳಿನಲ್ಲಿ ಮಣ್ಣು ಕೆದರಿ ಮಲಗಿದ್ದರೆ ಭಯವಿಲ್ಲ. ರೆಕ್ಕೆ ಅಗಲಿಸಿ ಬಾಯಿ ತೆರೆದಿದ್ದರೆ ಅದು ಮೊದಲ ಎಚ್ಚರಿಕೆ. ಕೂಡಲೇ ತಣ್ಣೀರು ಬದಲಿಸಿ, ಗಾಳಿಗೆ ದಾರಿ ಮಾಡಬೇಕು. ಜುಟ್ಟು ಕಪ್ಪಿಟ್ಟು, ಕಣ್ಣು ಅರೆ ಮುಚ್ಚಿ, ಹತ್ತಿರ ಹೋದರೂ ಏಳದೆ ಕುಳಿತಿದ್ದರೆ ಅದು ಕೊನೆಯ ಎಚ್ಚರಿಕೆ.

ಹೀಗೆ ಬಿದ್ದ ಕೋಳಿಯನ್ನು ಎತ್ತಿ ನೆರಳಿಗೆ ತಂದು, ತಲೆಯನ್ನು ಮೇಲೆ ಹಿಡಿದು, ಕತ್ತಿನವರೆಗೆ ಬಕೆಟ್ ನೀರಿನಲ್ಲಿ ಒಂದೆರಡು ನಿಮಿಷ ಅದ್ದಬೇಕು. ಬಾವಿಯ ಅಥವಾ ಗಡಿಗೆಯ ತಣ್ಣೀರು ಸಾಕು, ಮಂಜುಗಡ್ಡೆಯ ನೀರು ಬೇಡ. ಜುಟ್ಟು, ಕಾಲುಗಳನ್ನು ಒದ್ದೆ ಮಾಡಿ ಬೀಸಣಿಗೆಯಿಂದ ಗಾಳಿ ಹಾಕಬೇಕು. ಬಾಯಿಗೆ ನೀರು ಸುರಿಯುವುದು ಮಾತ್ರ ಕೂಡದು. ನೀರು ಶ್ವಾಸನಾಳಕ್ಕೆ ಇಳಿದರೆ ಉಳಿಯುವ ಕೋಳಿಯೂ ಸಾಯುತ್ತದೆ. ಕೊಕ್ಕಿನ ತುದಿಗೆ ಹನಿ ತಾಗಿಸಿ, ಅದು ತಾನಾಗಿ ಕುಡಿಯುವಂತೆ ಮಾಡತಕ್ಕದ್ದು.

ತಗಡಿನ ಗೂಡಿನ ಕಥೆ

ರಾಯಚೂರು ಕಡೆಯ ಹಳ್ಳಿಯೊಂದರಲ್ಲಿ ಒಂದು ಮನೆಯವರು ನಾಯಿ ಬೆಕ್ಕುಗಳ ಕಾಟಕ್ಕೆ ಹೆದರಿ, ಹೊಲಕ್ಕೆ ಹೋಗುವಾಗ 12 ಕೋಳಿಗಳನ್ನು ತಗಡಿನ ಗೂಡಿನಲ್ಲಿ ಮುಚ್ಚಿ ಹೋಗುತ್ತಿದ್ದರು. ಗೂಡಿನ ಮೂರು ಪಕ್ಕವೂ ತಗಡು, ಬಾಗಿಲಿಗೆ ಹಲಗೆ. ಮೇ ತಿಂಗಳ ಒಂದು ಸಂಜೆ ಬಂದು ನೋಡಿದರೆ ಏಳು ಕೋಳಿ ಸತ್ತಿದ್ದವು. “ರೋಗ ಬಂತೋ, ಯಾರದರ ಕಣ್ಣು ತಾಕಿತೋ ಗೊತ್ತಾಗವಲ್ದು ಸಾಹೇಬ್ರ” ಎಂದು ಆ ಮನೆಯ ಅಜ್ಜಿ ಕಣ್ಣೀರು ಹಾಕಿದರು. ಗೂಡಿನ ಒಳಗೆ ಕೈಯಿಟ್ಟರೆ ಸಂಜೆ 5 ಗಂಟೆಯಲ್ಲೂ ಒಲೆಯ ಬಾಯಿಯಂತಿತ್ತು. ನೀರಿನ ಬಟ್ಟಲು ಒಣಗಿತ್ತು. ಸತ್ತ ಕೋಳಿಗಳೆಲ್ಲ ಮೈ ತುಂಬಿಕೊಂಡವು.

ಆ ಮನೆಯವರು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಗೂಡನ್ನು ಬೇವಿನ ಮರದ ಕೆಳಗೆ ಸರಿಸಿದರು. ಎರಡು ಪಕ್ಕದ ತಗಡು ತೆಗೆದು ತಂತಿಯ ಜಾಲರಿ ಹೊಡೆದರು. ಮೇಲಿನ ತಗಡಿನ ಮೇಲೆ ಜೋಳದ ಕಣಿಕೆ ಅರ್ಧ ಅಡಿ ದಪ್ಪಕ್ಕೆ ಹಾಸಿದರು. ನೀರಿಗೆ ಎರಡು ಮಣ್ಣಿನ ಬೋಗುಣಿ ಇಟ್ಟರು. ಉಳಿದ ಐದು ಕೋಳಿಗಳು ಆ ಬೇಸಿಗೆಯನ್ನು ಸುಖವಾಗಿ ಕಳೆದವು. ಬೆಕ್ಕಿನಿಂದ ಕಾಯಲು ಜಾಲರಿ ಸಾಕು, ಗಾಳಿಯನ್ನು ಮುಚ್ಚಬೇಕಾಗಿಲ್ಲ.

ಗೂಡು ಮತ್ತು ಮಾಡು

ಹೊಸದಾಗಿ ಮನೆ ಕಟ್ಟುವವರು ಉದ್ದವನ್ನು ಪೂರ್ವ ಪಶ್ಚಿಮಕ್ಕೆ ಇಡಬೇಕು. ಆಗ ಬೆಳಗಿನ ಮತ್ತು ಸಂಜೆಯ ಬಿಸಿಲು ಉದ್ದನೆಯ ಪಕ್ಕಗಳಿಂದ ಒಳಗೆ ನುಗ್ಗುವುದಿಲ್ಲ. ಅಗಲ 30 ಅಡಿ ಮೀರಬಾರದು, ಮೀರಿದರೆ ಗಾಳಿ ಅಡ್ಡಹಾಯುವುದಿಲ್ಲ. ಮಾಡು ಗೋಡೆಯಿಂದ ಮೂರು ಅಡಿ ಹೊರಚಾಚಿರಲಿ. ತಗಡು ಅಥವಾ ಸಿಮೆಂಟ್ ಶೀಟಿನ ಮೇಲೆ ಸುಣ್ಣ ಬಳಿದರೆ ಬಿಸಿಲು ಪ್ರತಿಫಲಿಸಿ ಒಳಗಿನ ಶಾಖ ಇಳಿಯುತ್ತದೆ. ತೆಂಗಿನ ಗರಿ, ಭತ್ತದ ಹುಲ್ಲು, ಕಬ್ಬಿನ ಸೋಗೆ ಯಾವುದು ಕೈಗೆ ಸಿಕ್ಕರೂ ಮೇಲೆ ಹೊದಿಸಬಹುದು. ಬೆಂಕಿಯ ಭಯವಿರುವಲ್ಲಿ ಎಚ್ಚರ ಅಗತ್ಯ.

ಬಯಲುಸೀಮೆಯ ಒಣ ಹವೆಯಲ್ಲಿ ಬಿಸಿಗಾಳಿ ಬೀಸುವ ಪಕ್ಕಕ್ಕೆ ಗೋಣಿ ತಟ್ಟು ಇಳಿಬಿಟ್ಟು ಗಂಟೆಗೊಮ್ಮೆ ನೀರು ಚಿಮುಕಿಸಿದರೆ ಒಳಗೆ ತಂಪು ಗಾಳಿ ಬರುತ್ತದೆ. ಆದರೆ ಎದುರಿನ ಪಕ್ಕ ತೆರೆದಿರಬೇಕು. ಕರಾವಳಿಯಲ್ಲಿ ಈ ಉಪಾಯ ಕೆಲಸ ಮಾಡುವುದಿಲ್ಲ. ಅಲ್ಲಿ ನೀರು ಚಿಮುಕಿಸಿದರೆ ತೇವ ಹೆಚ್ಚಿ ಕಷ್ಟವೇ ಹೆಚ್ಚುತ್ತದೆ. ಅಲ್ಲಿ ಬೇಕಾದುದು ಗಾಳಿ. ನಾಲ್ಕೂ ಕಡೆ ತೆರೆದ ಜಾಲರಿ, ವಿದ್ಯುತ್ ಇದ್ದರೆ ಒಂದು ಫ್ಯಾನು.

ನೆಲಕ್ಕೆ ಹಾಸುವ ಭತ್ತದ ಹೊಟ್ಟು ಅಥವಾ ಶೇಂಗಾ ಸಿಪ್ಪೆಯ ದಪ್ಪ ಬೇಸಿಗೆಯಲ್ಲಿ ಎರಡು ಇಂಚು ಸಾಕು. ಮೊಟ್ಟೆ ಕೋಳಿ ಒಂದಕ್ಕೆ ಎರಡು ಚದರ ಅಡಿ ಜಾಗವೆಂಬ ಲೆಕ್ಕವಿದ್ದರೆ, ಬೇಸಿಗೆಯಲ್ಲಿ ಇನ್ನಷ್ಟು ಸಡಿಲ ಬಿಡುವುದು ಒಳ್ಳೆಯದು.

ನೀರು ಮತ್ತು ಮೇವು

ಹಿತವಾದ ಹವೆಯಲ್ಲಿ ಹತ್ತು ಕೋಳಿಗಳಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು ಸಾಕು. ಕಡು ಬೇಸಿಗೆಯಲ್ಲಿ ಅದರ ಎರಡರಷ್ಟು ಬೇಕು. ಪಾತ್ರೆಗಳ ಸಂಖ್ಯೆಯನ್ನೂ ಹೆಚ್ಚಿಸಬೇಕು. ಬಲವಾದ ಕೋಳಿ ಬಡಪಾಯಿಯನ್ನು ಪಾತ್ರೆಯ ಬಳಿ ಬರಗೊಡುವುದಿಲ್ಲ. ಪ್ಲಾಸ್ಟಿಕ್ ಪಾತ್ರೆಯ ನೀರು ಬಿಸಿಲಿಗೆ ಕಾಯುತ್ತದೆ. ಬಿಸಿಯಾದ ನೀರನ್ನು ಕೋಳಿ ಮೂಸಿಯೂ ನೋಡುವುದಿಲ್ಲ. ಮಣ್ಣಿನ ಬೋಗುಣಿಯನ್ನು ನೆರಳಿನಲ್ಲಿಟ್ಟು ದಿನಕ್ಕೆ ಮೂರು ಸಲ ನೀರು ಬದಲಿಸುವುದು ಉತ್ತಮ.

ಬಳಲಿದ ದಿನಗಳಲ್ಲಿ, ಮನುಷ್ಯರಿಗೆ ಕೊಡುವ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ನೀರಿಗೆ ಬೆರೆಸಿ ಕೊಡಬಹುದು. ಪಕ್ಕದಲ್ಲಿ ಬರಿಯ ನೀರೂ ಇರಲಿ. ಉಪ್ಪನ್ನು ಕೈಗೆ ಬಂದಂತೆ ಹಾಕಬಾರದು. ಹೆಚ್ಚಾದ ಉಪ್ಪು ಕೋಳಿಗೆ ವಿಷ. ಕೋಳಿಗಳಿಗೆಂದೇ ಸಿಗುವ ಲವಣ ಮತ್ತು ವಿಟಮಿನ್ ಸಿ ಪುಡಿಗಳನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಬಳಸಬಹುದು.

ಮೇವು ಜೀರ್ಣವಾಗುವಾಗಲೂ ಮೈಯಲ್ಲಿ ಶಾಖ ಹುಟ್ಟುತ್ತದೆ. ಬೆಳಿಗ್ಗೆ 10 ಗಂಟೆಗೆ ಹೊಟ್ಟೆ ತುಂಬ ತಿಂದ ಕೋಳಿಗೆ ಆ ಶಾಖ ಮಧ್ಯಾಹ್ನದ ಬಿಸಿಲಿನ ಜೊತೆಗೇ ಸೇರುತ್ತದೆ. ಆದುದರಿಂದ ಕಾಳು, ಮೇವನ್ನು ಬೆಳಿಗ್ಗೆ 8ರ ಒಳಗೆ ಮತ್ತು ಸಂಜೆ 5ರ ನಂತರ ಹಾಕತಕ್ಕದ್ದು. ನಡುವೆ ಸೊಪ್ಪು, ಸೌತೆಕಾಯಿ ಸಿಪ್ಪೆ, ಕಲ್ಲಂಗಡಿ ಸಿಪ್ಪೆಯಂಥ ನೀರಿನಂಶದ ಪದಾರ್ಥ ಕೊಡಬಹುದು. ಮೊಟ್ಟೆ ಕೋಳಿಗಳಿಗೆ ಸಂಜೆಯ ಮೇವಿನ ಜೊತೆ ಕಪ್ಪೆಚಿಪ್ಪಿನ ಪುಡಿ ಇರಲಿ. ಸಿಪ್ಪೆ ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿಯೇ ನಡೆಯುತ್ತದೆ.

ಕೋಳಿ ಹಿಡಿಯುವುದು, ಲಸಿಕೆ ಹಾಕಿಸುವುದು, ಸಂತೆಗೆ ಒಯ್ಯುವುದು ಎಲ್ಲವೂ ತಂಪು ಹೊತ್ತಿನಲ್ಲಿಯೇ ಆಗಬೇಕು. ಕಾಲು ಕಟ್ಟಿ ತಲೆಕೆಳಗಾಗಿ ಮೋಟಾರ್ ಸೈಕಲ್ಲಿಗೆ ನೇತುಹಾಕಿ ಉರಿಬಿಸಿಲಿನಲ್ಲಿ ಒಯ್ದ ಕೋಳಿ ಸಂತೆ ಮುಟ್ಟುವ ಮೊದಲೇ ಸತ್ತರೆ ಆಶ್ಚರ್ಯವಿಲ್ಲ.

ಮರಿಗಳ ಲೆಕ್ಕವೇ ಬೇರೆ

ದೊಡ್ಡ ಕೋಳಿಗೆ ಬಿಸಿ ಶತ್ರುವಾದರೆ ಎಳೆಯ ಮರಿಗೆ ಚಳಿ ಶತ್ರು. ಮೊಟ್ಟೆಯೊಡೆದು ಬಂದ ಮರಿಗೆ ಮೈಶಾಖ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಪುಕ್ಕ ಬರುವವರೆಗೆ ಹೊರಗಿನ ಕಾವು ಬೇಕು. ನಾಟಿ ಹೇಂಟೆ ಹತ್ತು ಹನ್ನೆರಡು ಮರಿಗಳನ್ನು ರೆಕ್ಕೆಯಡಿ ಕಾಪಾಡಿಕೊಳ್ಳುತ್ತದೆ. ಆದರೆ ಒಂದು ದಿನದ ಗಿರಿರಾಜ ಅಥವಾ ಸ್ವರ್ಣಧಾರ ಮರಿಗಳನ್ನು ಕೊಂಡು ತಂದವರು ತಾವೇ ತಾಯಿಯಾಗಬೇಕಾಗುತ್ತದೆ.

ಮೊದಲ ವಾರ 35 ಡಿಗ್ರಿ ಸೆಂಟಿಗ್ರೇಡ್, ಅಂದರೆ 95 ಡಿಗ್ರಿ ಫ್ಯಾರನ್‌ಹೀಟ್. ಎರಡನೆಯ ವಾರ 32, ಮೂರನೆಯ ವಾರ 29, ನಾಲ್ಕನೆಯ ವಾರ 27, ಐದನೆಯ ವಾರ 24. ಹೀಗೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತ ಬಂದರೆ ಸಾಕು. ಶಾಖವನ್ನು ಮರಿಯ ಬೆನ್ನಿನ ಎತ್ತರದಲ್ಲಿ, ನೆಲದಿಂದ ಎರಡು ಇಂಚು ಮೇಲೆ ಅಳೆಯಬೇಕು. ಮರಿಯೊಂದಕ್ಕೆ ಎರಡು ವಾಟ್‌ನಂತೆ, ನೂರು ಮರಿಗಳಿಗೆ 100 ವಾಟ್‌ನ ಎರಡು ಬಲ್ಬು ಬೇಕು. ಇಲ್ಲಿ ಒಂದು ಎಚ್ಚರಿಕೆ: ಈಗ ಮನೆಮನೆಯಲ್ಲೂ ಇರುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಕಾಗುವ ಕಾವು ಕೊಡುವುದಿಲ್ಲ. ಒಳಗೆ ತಂತಿ ಉರಿಯುವ ಹಳೆಯ ಬಗೆಯ ಬಲ್ಬು ಅಥವಾ ಇನ್‌ಫ್ರಾರೆಡ್ ಬಲ್ಬನ್ನೇ ಹಾಕಬೇಕು. ಸುತ್ತ ಒಂದೂವರೆ ಅಡಿ ಎತ್ತರಕ್ಕೆ ತಗಡು ಅಥವಾ ರಟ್ಟಿನ ಗುಂಡನೆಯ ತಡೆ ಕಟ್ಟಬೇಕು. ಮೂಲೆಗಳಿದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಸಾಯುತ್ತವೆ. ಮರಿ ತರುವ ಕೆಲವು ಗಂಟೆ ಮೊದಲೇ ಬಲ್ಬು ಹಚ್ಚಿ ಜಾಗವನ್ನು ಬೆಚ್ಚಗೆ ಮಾಡಿರಬೇಕು.

ಇಲ್ಲಿಯೂ ಮರಿಯನ್ನೇ ಕೇಳಬೇಕು. ಮರಿಗಳು ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡು ಕಿರಿಚುತ್ತಿದ್ದರೆ ಕಾವು ಸಾಲದು; ಬಲ್ಬು ಇಳಿಸಿರಿ. ತಡೆಯ ಅಂಚಿಗೆ ಸರಿದು ಬಾಯಿ ತೆರೆದಿದ್ದರೆ ಕಾವು ಹೆಚ್ಚು, ಬಲ್ಬು ಏರಿಸಿರಿ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ಹೊಡೆಯುತ್ತಿದೆ. ಎಲ್ಲೆಡೆ ಹರಡಿ, ಕೆಲವು ತಿನ್ನುತ್ತ ಕೆಲವು ಮಲಗಿದ್ದರೆ ಶಾಖ ಸರಿಯಾಗಿದೆ. ಏಪ್ರಿಲ್ ಹಗಲಿನಲ್ಲಿ ಕೋಣೆಯೇ 38 ಡಿಗ್ರಿ ಕಾದಿರುವಾಗ ಪುಸ್ತಕದ ಲೆಕ್ಕಕ್ಕೆ ಬಲ್ಬು ಉರಿಸುವುದು ಮರಿಗಳನ್ನು ಹುರಿದಂತೆ. ಹಗಲು ಆರಿಸಿ, ಬೆಳಗಿನ ಜಾವ ತಂಪಾದಾಗ ಹಚ್ಚಬೇಕು.

ಬೀದರ, ವಿಜಯಪುರಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮಲೆನಾಡಿನಲ್ಲಿ ಜುಲೈ, ಆಗಸ್ಟ್ ತಿಂಗಳ ಮಳೆಯ ಥಂಡಿ ಬೇರೆ. ಆಗ ಹಾಸು ದಪ್ಪವಿರಲಿ, ಒದ್ದೆಯಾದುದನ್ನು ಕೂಡಲೇ ತೆಗೆಯಿರಿ. ಕರೆಂಟು ಹೋಗುವ ರಾತ್ರಿಗಳಿಗಾಗಿ, ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿಗಳನ್ನು ಮರಿಗಳ ನಡುವೆ ಇಡಬಹುದು. ಇದ್ದಿಲಿನ ಅಗ್ಗಿಷ್ಟಿಕೆ ಬಳಸುವವರು ಮೇಲ್ಭಾಗದಲ್ಲಿ ಗಾಳಿ ಹೋಗಲು ಕಿಂಡಿ ಬಿಡದಿದ್ದರೆ ವಿಷಗಾಳಿ ತುಂಬಿ ಮರಿಗಳಷ್ಟೇ ಅಲ್ಲ, ಅಲ್ಲಿ ಮಲಗಿದವರ ಪ್ರಾಣಕ್ಕೂ ಅಪಾಯ.

ಕಾವಿಗೆ ಇಡುವ ಮೊಟ್ಟೆ

ಬೇಸಿಗೆಯಲ್ಲಿ ಇಟ್ಟ ಮೊಟ್ಟೆಗಳು ಮರಿಯಾಗದೆ ಕೊಳೆಯುತ್ತವೆಂದು ಹಲವರು ದೂರುತ್ತಾರೆ. ಮೊಟ್ಟೆಯೊಳಗಿನ ಭ್ರೂಣ ಸುಮಾರು 21 ಡಿಗ್ರಿಗಿಂತ ಕೆಳಗೆ ಮಾತ್ರ ನಿದ್ರೆಯಲ್ಲಿರುತ್ತದೆ. ಅದಕ್ಕಿಂತ ಬಿಸಿಯಾದ ಕೋಣೆಯಲ್ಲಿಟ್ಟರೆ ಅರೆಬರೆ ಬೆಳೆಯಲು ಆರಂಭಿಸಿ, ಸರಿಯಾದ ಕಾವು ಸಿಗದೆ ಸಾಯುತ್ತದೆ. ಆದ್ದರಿಂದ ಅಗಲ ಬಾಯಿಯ ಮಡಕೆಯನ್ನು ಒದ್ದೆ ಮರಳಿನ ಮೇಲಿಟ್ಟು, ಒಳಗೆ ಬಟ್ಟೆ ಹಾಸಿ ಮೊಟ್ಟೆಗಳನ್ನು ತಂಪಾದ ಮೂಲೆಯಲ್ಲಿ ಇಡಬೇಕು. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕಿಂತ ಹಳೆಯ ಮೊಟ್ಟೆಯನ್ನು ಕಾವಿಗೆ ಇಡದಿರುವುದು ಒಳ್ಳೆಯದು. ಕಾವಿಗೆ ಕೂತ ಹೇಂಟೆಯ ಕೈಗೆಟುಕುವಷ್ಟು ಹತ್ತಿರದಲ್ಲೇ ನೀರು, ಕಾಳು ಇರಲಿ. ಅದು 21 ದಿನವೂ ಹೆಚ್ಚು ದೂರ ಹೋಗುವುದಿಲ್ಲ.

ಪಂಜರದ ಹಕ್ಕಿಗಳು

ಪಟ್ಟಣದ ನೆಂಟರನ್ನು ನೋಡಿ ಈಗ ಹಳ್ಳಿಗಳಲ್ಲೂ ಕೆಲವರು ಲವ್ ಬರ್ಡ್ಸ್ ಸಾಕುತ್ತಾರೆ. ಆ ಹೆಸರಿನಲ್ಲಿ ಮಾರುವ ಬಣ್ಣದ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯ ಮೂಲದ ಬಡ್ಜರಿಗಾರ್. ಒಣ ನಾಡಿನ ಹಕ್ಕಿಯಾದರೂ ಅದಕ್ಕೂ ಬೆವರಿಲ್ಲ. ಹೊರಗೆ ಹಾರುವ ಹಕ್ಕಿ ನೆರಳು ಹುಡುಕಿ ಹೋಗುತ್ತದೆ. ಪಂಜರದ ಹಕ್ಕಿ ಹೋಗಲಾರದು. 18ರಿಂದ 28 ಡಿಗ್ರಿ ಅದಕ್ಕೆ ಹಿತ. ಪಂಜರವನ್ನು ಬಿಸಿಲು ಬೀಳುವ ಕಿಟಕಿ, ಅಡಿಗೆ ಒಲೆಯ ಹೊಗೆ, ಫ್ಯಾನಿನ ನೇರ ಗಾಳಿ ಈ ಮೂರರಿಂದಲೂ ದೂರ ತೂಗುಹಾಕಬೇಕು. ಸ್ನಾನಕ್ಕೆ ಅಗಲವಾದ ನೀರಿನ ತಟ್ಟೆ ಇಡಬೇಕು. ಪಾರಿವಾಳಕ್ಕೂ ಇದೇ ಮಾತು. ನಮ್ಮ ಹೊಲದ ಗಿಳಿಯನ್ನು ಮಾತ್ರ ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ.

ಎಲ್ಲ ಸಾವೂ ಬಿಸಿಲಿನದಲ್ಲ

ಬೇಸಿಗೆಯಲ್ಲಿ ಸತ್ತ ಕೋಳಿಗಳನ್ನೆಲ್ಲ ಬಿಸಿಲಿನ ಲೆಕ್ಕಕ್ಕೆ ಹಾಕಬಾರದು. ಬಿಸಿಲಿಗೆ ಸಾಯುವ ಕೋಳಿ ಮಧ್ಯಾಹ್ನದಿಂದ ಸಂಜೆಯೊಳಗೆ ಸಾಯುತ್ತದೆ. ಹವೆ ತಂಪಾದರೆ ಸಾವು ನಿಲ್ಲುತ್ತದೆ. ರಾತ್ರಿ, ಬೆಳಿಗ್ಗೆಯೂ ಸಾಯುತ್ತಿದ್ದರೆ, ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಸೋಲುವುದು ಕಂಡರೆ ಅದು ಕೊಕ್ಕರೆ ರೋಗವಿರಬಹುದು. ಒಟ್ಟೊಟ್ಟಿಗೆ ಹಲವು ಕೋಳಿ, ಕಾಗೆಗಳು ಸತ್ತರೆ ಹಕ್ಕಿ ಜ್ವರದ ಸಂಶಯವೂ ಉಂಟು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಅದು ದೃಢಪಟ್ಟಿತ್ತು. ಇಂಥ ಸಂದರ್ಭದಲ್ಲಿ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ, ತಿನ್ನದೆ, ಮಾರದೆ, ಹಳ್ಳಕ್ಕೆ ಎಸೆಯದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು.

ನೆನಪಿಡಬೇಕಾದ ಅಂಶಗಳು

1. ಬೆಳೆದ ಕೋಳಿಗೆ 18ರಿಂದ 24 ಡಿಗ್ರಿ ಹಿತ, 32ರ ಮೇಲೆ ಕಷ್ಟ, 38ರ ಮೇಲೆ ಅಪಾಯ.

2. ಮರಿಗೆ ಮೊದಲ ವಾರ 35 ಡಿಗ್ರಿ. ಅನಂತರ ವಾರಕ್ಕೆ ಮೂರು ಡಿಗ್ರಿ ಇಳಿಸಬೇಕು.

3. ಮೇವು ಬೆಳಿಗ್ಗೆ 8ರ ಒಳಗೆ, ಸಂಜೆ 5ರ ಮೇಲೆ. ನೆರಳಿನಲ್ಲಿ ತಣ್ಣೀರು ಇಡೀ ದಿನ.

4. ಒಣ ಹವೆಯಲ್ಲಿ ಒದ್ದೆ ಗೋಣಿ, ಕರಾವಳಿಯಲ್ಲಿ ಗಾಳಿ.

5. ತಗಡಿನ ಗೂಡಿನಲ್ಲಿ ಮಧ್ಯಾಹ್ನ ಕೋಳಿ ಮುಚ್ಚಬಾರದು.

6. ಬಿದ್ದ ಕೋಳಿಯನ್ನು ಕತ್ತಿನವರೆಗೆ ತಣ್ಣೀರಿನಲ್ಲಿ ಅದ್ದಬೇಕು. ಬಾಯಿಗೆ ನೀರು ಸುರಿಯಬಾರದು.

ಗೂಡಿಗೆ ನೆರಳು ಮಾಡುವ, ಮಾಡಿಗೆ ಸುಣ್ಣ ಬಳಿಯುವ ಕೆಲಸವನ್ನು ಶಿವರಾತ್ರಿ ಕಳೆಯುತ್ತಲೇ ಮುಗಿಸಿಕೊಳ್ಳುವುದು ಲೇಸು. ಗೂಡಿನ ದಕ್ಷಿಣ ಮತ್ತು ಪಶ್ಚಿಮಕ್ಕೆ ಈ ಮಳೆಗಾಲದಲ್ಲಿಯೇ ಎರಡು ಬೇವಿನ ಅಥವಾ ಹೊಂಗೆಯ ಸಸಿ ನೆಟ್ಟರೆ, ಕೆಲವೇ ವರ್ಷಗಳಲ್ಲಿ ಅವು ಯಾವ ಖರ್ಚೂ ಇಲ್ಲದೆ ಆ ಕೆಲಸವನ್ನು ವಹಿಸಿಕೊಳ್ಳುತ್ತವೆ.